ಕಯಾಕ್ ಕೇಳುವ ಮೊದಲು ಹೊಳೆಯನ್ನು ಕೇಳಿ

ಮಳೆ ಹಿಂದೆ ಸರಿದು ನವರಾತ್ರಿ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಮಣಿಪಾಲದಲ್ಲಿ ಓದುವ ಮಕ್ಕಳು, ರಜೆಗೆ ಬೆಂಗಳೂರಿನಿಂದ ಊರಿಗೆ ಬರುವವರು, ಮಂಗಳೂರಿನ ಕಚೇರಿಗಳಲ್ಲಿ ವಾರವಿಡೀ ದುಡಿದು ಭಾನುವಾರಕ್ಕೆ ಕಾಯುವವರು, ಎಲ್ಲರೂ ಕೇಳುವುದು ಇಷ್ಟೇ: ಉಡುಪಿಯ ಆಸುಪಾಸಿನಲ್ಲಿ ಕಯಾಕ್ ಬಾಡಿಗೆಗೆ ಎಲ್ಲಿ ಸಿಗುತ್ತದೆ? ಈ ವಾರದ ಬರಹ ಅದಕ್ಕೇ ಮೀಸಲು.

ಹೆಸರು ಬೇಕಾದವರಿಗೆ ಮೊದಲು ಹೆಸರುಗಳನ್ನೇ ಹೇಳಿಬಿಡುತ್ತೇನೆ. ಉಡುಪಿಯಿಂದ ಕುಂದಾಪುರದ ಕಡೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಸಾಲಿಗ್ರಾಮ. ಅಲ್ಲಿ ಪಶ್ಚಿಮಕ್ಕೆ ತಿರುಗಿ ಪಾರಂಪಳ್ಳಿ ಪಡುಕರೆ ತಲುಪಿದರೆ ಸೀತಾನದಿಯ ಹಿನ್ನೀರಿನ ದಡದಲ್ಲಿ ಊರಿನ ಹುಡುಗರು ನಡೆಸುವ ಕಯಾಕಿಂಗ್ ತಾಣವಿದೆ. ಕಾಂಡ್ಲಾ ಗಿಡಗಳ ನಡುವೆ ಹುಟ್ಟು ಹಾಕಬೇಕೆನ್ನುವವರು ಹೆಚ್ಚಾಗಿ ಹೋಗುವುದು ಅಲ್ಲಿಗೇ. ಉಡುಪಿಗೆ ಇನ್ನೂ ಹತ್ತಿರ ಬೇಕೆಂದರೆ ಕೆಮ್ಮಣ್ಣು, ತಿಮ್ಮಣ್ಣಕುದ್ರು, ಕೋಡಿ ಬೆಂಗ್ರೆಯ ಪಟ್ಟಿ. ಅಲ್ಲಿ ಸ್ವರ್ಣಾ ನದಿಯ ಕುದ್ರುಗಳ, ಅಂದರೆ ನಡುಗಡ್ಡೆಗಳ, ಸುತ್ತ ದೋಣಿವಿಹಾರ ಬೆಳೆದಿದೆ. ಮಂಗಳೂರಿನವರಿಗೆ 30 ಕಿಲೋಮೀಟರ್ ಒಳಗೇ ಮೂಲ್ಕಿ ಇದೆ. ಶಾಂಭವಿ ನದಿಯಲ್ಲಿ, ಸರ್ಫಿಂಗ್‌ಗೆ ಹೆಸರಾದ ಮಂತ್ರ ಸರ್ಫ್ ಕ್ಲಬ್ ಇರುವ ಅದೇ ನೀರಿನಲ್ಲಿ, ಕಯಾಕೂ ಉಂಟು, ನಿಂತು ಹುಟ್ಟು ಹಾಕುವ ಹಲಗೆಯೂ ಉಂಟು. ಉತ್ತರಕ್ಕೆ ಹೋಗುವವರಿಗೆ ಐದು ಹೊಳೆ ಸೇರುವ ಕುಂದಾಪುರದ ಪಂಚಗಂಗಾವಳಿ, ಅದರಾಚೆ ಹೊನ್ನಾವರದ ಶರಾವತಿ ಹಿನ್ನೀರು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಊರಿನ ಹೆಸರು ಗೊತ್ತಾದರೆ ಅರ್ಧ ಕೆಲಸ ಮಾತ್ರ ಆದಂತೆ. ಕಯಾಕ್ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಅದನ್ನು ಇಳಿಸುವ ನೀರು ಮಾತ್ರ ಊರಿಂದೂರಿಗೆ ಬೇರೆ, ಬೆಳಿಗ್ಗೆಯಿಂದ ಸಂಜೆಗೆ ಬೇರೆ. ಆದ್ದರಿಂದ ನೀವು ಕೊಡುವ ದುಡ್ಡು ಪ್ಲಾಸ್ಟಿಕ್ ದೋಣಿಯೊಂದರ ಬಾಡಿಗೆ ಎಂದು ನಾನು ತಿಳಿಯುವುದಿಲ್ಲ. ಆ ಹೊಳೆಯ ಜೊತೆ ಬದುಕಿದ ಒಬ್ಬರ ತಿಳಿವಳಿಕೆಗೆ ನೀವು ಕೊಡುವ ಸಂಭಾವನೆ ಅದು. ಎಲ್ಲಿ ಅಂಥವರಿದ್ದಾರೋ ಅಲ್ಲಿಗೆ ಹೋಗಿ. ಎಲ್ಲಿ ದೋಣಿ ಮಾತ್ರ ಇದೆಯೋ ಅಲ್ಲಿಂದ ವಾಪಸ್ ಬನ್ನಿ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟು. ಉಳಿದದ್ದೆಲ್ಲ ಅದರ ವಿವರಣೆ.

ನಮ್ಮ ಕರಾವಳಿಯ ಹೊಳೆಗಳ ಸ್ವಭಾವ ಒಳನಾಡಿನ ಕೆರೆಯಂಥದ್ದಲ್ಲ. ಸೀತಾನದಿಯನ್ನೇ ನೋಡಿ. ಆಗುಂಬೆಯ ಕಡೆಯ ಘಟ್ಟದಲ್ಲಿ ಹುಟ್ಟಿ, ಹೆಬ್ರಿಯ ಹತ್ತಿರ ಮಳೆಗಾಲದಲ್ಲಿ ಬಂಡೆಗಳ ಮೇಲೆ ನೊರೆಯೆದ್ದು ಹರಿಯುತ್ತದೆ. ಆಗ ಅಲ್ಲಿ ರ‍್ಯಾಫ್ಟಿಂಗ್ ನಡೆಯುತ್ತದೆ. ಅದೇ ಹೊಳೆ ಬಾರ್ಕೂರು ದಾಟಿ ಕೆಳಗೆ ಬಂದಾಗ ಅಗಲವಾಗಿ, ನಿಧಾನವಾಗಿ, ಸ್ವರ್ಣೆಯ ಜೊತೆ ಸೇರಿ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ಮಳೆ ನಿಂತು ಮೇಲಿನ ನೀರು ಕಡಿಮೆಯಾದ ಹಾಗೆ ಕಡಲಿನ ಉಪ್ಪುನೀರು ಅಳಿವೆಯಿಂದ ಒಳಗೆ ಏರುತ್ತದೆ. ಉಪ್ಪು ಗದ್ದೆ ಬಾವಿಗಳಿಗೆ ನುಗ್ಗದಿರಲೆಂದು ಅಲ್ಲಲ್ಲಿ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುತ್ತಾರೆ. ಕಯಾಕ್ ಓಡಾಡುವುದು ಹೆಚ್ಚಾಗಿ ಈ ಅಣೆಕಟ್ಟಿಗೂ ಅಳಿವೆಗೂ ನಡುವಿನ ನೀರಿನಲ್ಲಿ. ನೋಡಲು ಕೆರೆಯ ಹಾಗೆ ಸಮತಟ್ಟಾಗಿ ಕಂಡರೂ ಅದರ ಕೀಲಿಕೈ ಇರುವುದು ಕಡಲಿನ ಹತ್ತಿರ.

ಎಲ್ಲ ಹೊಳೆಯೂ ಎಲ್ಲ ಕೆಲಸಕ್ಕೂ ಅಲ್ಲ ಎಂಬುದನ್ನೂ ನೆನಪಿಡಬೇಕು. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ನಿಂತು ಕೆಳಗೆ ಸ್ವರ್ಣೆಯನ್ನು ನೋಡಿದವರಿಗೆಲ್ಲ ಅಲ್ಲೇ ಇಳಿದು ಹುಟ್ಟು ಹಾಕಿಬಿಡೋಣ ಎನಿಸುತ್ತದೆ. ಆದರೆ ಅದೇ ನದಿಯ ಮೇಲ್ಭಾಗದಲ್ಲಿ, ಬಜೆಯಲ್ಲಿ, ಉಡುಪಿ ನಗರಕ್ಕೆ ಕುಡಿಯುವ ನೀರು ಕೊಡುವ ಅಣೆಕಟ್ಟು ಇದೆ. ಕುಡಿಯುವ ನೀರಿನ ಸಂಗ್ರಹದಲ್ಲಿ ವಿಹಾರ ಬೇಡ. ಮರಳು ತೆಗೆದ ಜಾಗಗಳದ್ದು ಇನ್ನೊಂದು ಕಥೆ. ಮೊಣಕಾಲುದ್ದದ ನೀರು ಎಂದುಕೊಂಡು ದೋಣಿಯಿಂದ ಇಳಿದರೆ ಮುಂದಿನ ಹೆಜ್ಜೆಗೆ ಆಳುದ್ದದ ಗುಂಡಿ ಇರುತ್ತದೆ. ಮೇಲಿನಿಂದ ನೋಡಿದವರಿಗೆ ಅದು ತಿಳಿಯುವುದಿಲ್ಲ. ಆ ದಡದಲ್ಲಿ ಬಲೆ ಬೀಸುವವರಿಗೆ ಒಂದೊಂದು ಗುಂಡಿಯೂ ಗೊತ್ತು.

ಇನ್ನು ಭರತ ಇಳಿತ. ಪಂಚಾಂಗ ನೋಡುವ ಅಭ್ಯಾಸ ಇದ್ದವರಿಗೆ ಇದು ಸುಲಭ. ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಈ ಪೂರ್ತಿ ಸುತ್ತಿಗೆ ಬೇಕಾಗುವುದು ಸುಮಾರು 24 ಗಂಟೆ 50 ನಿಮಿಷ. ಹಾಗಾಗಿ ಇವತ್ತಿನ ಏರು ನಾಳೆ ಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚು ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಸೂರ್ಯ ಚಂದ್ರರ ಎಳೆತ ಒಂದಾಗಿ ಏರೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಹತ್ತಿರ ಎರಡೂ ಸಣ್ಣವು. ಹುಣ್ಣಿಮೆ ಅಮಾವಾಸ್ಯೆಗೆ ನಮ್ಮ ದಡದಲ್ಲಿ ನೀರು ತುಂಬುವುದು ಮಧ್ಯಾಹ್ನದ ಆಸುಪಾಸು, ಮತ್ತೆ ನಡುರಾತ್ರಿಯ ಆಸುಪಾಸು. ಅಂದರೆ ಆ ದಿನಗಳಲ್ಲಿ ಬೆಳಿಗ್ಗೆ ಬೇಗ ಹೋದರೆ ಸಿಗುವುದು ಇಳಿದ ನೀರು: ಕೆಸರು ದಡ, ಬೇರು ಕಾಣುವ ಕಾಂಡ್ಲಾ, ಅಲ್ಲಲ್ಲಿ ತಳ ತಾಗುವ ದೋಣಿ. ಅಷ್ಟಮಿಯ ಆಚೀಚೆ ಹೋದರೆ ಬೆಳಗಿನ ಹೊತ್ತಿಗೇ ಕಾಲುವೆಗಳಲ್ಲಿ ನೀರು ಇರುವ ಸಂಭವ ಹೆಚ್ಚು. ಅಳಿವೆಯಿಂದ ಒಳಗೆ ಹೋದಷ್ಟೂ ಏರು ತಡವಾಗಿ ತಲುಪುತ್ತದೆ, ಆದ್ದರಿಂದ ಈ ಲೆಕ್ಕ ಅಂದಾಜಿಗೆ ಮಾತ್ರ. ನಿಖರ ಹೊತ್ತು ಬೇಕಾದರೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಭರತ ಇಳಿತದ ಕೋಷ್ಟಕ ಪ್ರಕಟಿಸುತ್ತದೆ. ಅಲೆ ಎತ್ತರವಾಗುವ ಮುನ್ಸೂಚನೆಯನ್ನು ಹೈದರಾಬಾದಿನ ಇಂಕಾಯಿಸ್ ಸಂಸ್ಥೆ ಕೊಡುತ್ತದೆ. ಅದಕ್ಕಿಂತ ಹತ್ತಿರದ ದಾರಿ, ಹಿಂದಿನ ದಿನ ಸಂಜೆ ದೋಣಿಯವರಿಗೆ ಫೋನ್ ಮಾಡಿ, "ನಾಳೆ ಭರತ ಎಷ್ಟು ಗಂಟೆಗೆ?" ಎಂದು ಕೇಳುವುದು.

ಈ ಒಂದು ಪ್ರಶ್ನೆ ಒಳ್ಳೆಯ ತಾಣವನ್ನೂ ಕೆಟ್ಟ ತಾಣವನ್ನೂ ಬೇರ್ಪಡಿಸಿ ತೋರಿಸುತ್ತದೆ. ಗೊತ್ತಿದ್ದವರು ತಡವರಿಸದೆ ಹೇಳುತ್ತಾರೆ. "ಯಾವಾಗ ಬೇಕಾದರೂ ಬನ್ನಿ ಸಾರ್, ಇಡೀ ದಿನ ಓಪನ್" ಎಂದರೆ ಅವರಿಗೆ ಗಿರಾಕಿ ಮುಖ್ಯ, ಹೊಳೆ ಅಲ್ಲ. ಒಮ್ಮೆ ನಾನು ಹಿನ್ನೀರಿನಿಂದ ಅಳಿವೆಯ ಕಡೆ ಒಂದಷ್ಟು ದೂರ ಹೋಗಿಬರುವ ಆಸೆಯಿಂದ ದಡದಲ್ಲಿದ್ದ ಹಿರಿಯ ಮೀನುಗಾರರೊಬ್ಬರನ್ನು ವಿಚಾರಿಸಿದೆ. ಅವರು ಮಾತಾಡುವ ಮೊದಲು ಒಂದು ಕಡ್ಡಿಯನ್ನು ನೀರಿನಂಚಿನ ಮರಳಿಗೆ ಚುಚ್ಚಿದರು. ನಾವು ಇನ್ನೂ ಹಗ್ಗ, ಚೀಲ ಎಂದು ಸರಿಮಾಡಿಕೊಳ್ಳುತ್ತಿದ್ದಾಗಲೇ ನೀರು ಕಡ್ಡಿಯನ್ನು ಬಿಟ್ಟು ಗೇಣುದ್ದ ಹಿಂದೆ ಸರಿದಿತ್ತು. "ಈಗ ಹೋಯ್ಲಕ್ಕ್, ಬಪ್ಪತಿಗ್ ಕಷ್ಟ ಆತ್ತ್ ಮರಾಯ್ರೆ" ಎಂದರು. ಇಳಿತದ ಜೊತೆ ಹೋಗುವಾಗ ಹುಟ್ಟು ಹಾಕದಿದ್ದರೂ ದೋಣಿ ಓಡುತ್ತದೆ. ತಿರುಗಿ ಬರುವಾಗ ಅದೇ ನೀರಿಗೆ ಎದುರಾಗಬೇಕು. ಹೊಸಬರು ಸುಸ್ತಾಗದೆ ಹುಟ್ಟು ಹಾಕುವುದು ಗಂಟೆಗೆ ಮೂರ್ನಾಲ್ಕು ಕಿಲೋಮೀಟರ್ ವೇಗದಲ್ಲಿ. ಅಳಿವೆಯ ಹತ್ತಿರದ ಇಳಿತದ ಸೆಳೆತವೂ ಅಷ್ಟೇ ವೇಗಕ್ಕೆ ಬಂತೆಂದರೆ ಎಷ್ಟು ಹುಟ್ಟು ಹಾಕಿದರೂ ದೋಣಿ ಇದ್ದಲ್ಲೇ ಇರುತ್ತದೆ. ಆ ದಿನ ನಾವು ಅಳಿವೆಗೆ ಬೆನ್ನು ಮಾಡಿ, ಮೇಲಿನ ಕಡೆಯ ಕಾಂಡ್ಲಾ ಕಾಲುವೆಗೆ ಹೋದೆವು. ಹೋಗುವಾಗ ಶ್ರಮ, ಬರುವಾಗ ಆರಾಮ. ಮೊದಲ ಸಲ ಹೋಗುವ ಯಾರಿಗಾದರೂ ನಾನು ಹೇಳುವ ಕ್ರಮ ಇದೇ: ಕಷ್ಟದ ದಿಕ್ಕು ಮೊದಲಾಗಲಿ.

ಗಾಳಿಯದ್ದೂ ಇದೇ ನಿಯಮ. ಮಳೆಗಾಲ ಕಳೆದ ಮೇಲೆ ಬೆಳಿಗ್ಗೆ ನೆಲದ ಕಡೆಯಿಂದ ಮೆಲ್ಲಗೆ ಗಾಳಿ ಬರುತ್ತದೆ, ಹೊಳೆ ಅಲುಗದೆ ಇರುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಕಡಲಗಾಳಿ ಎದ್ದು ಹೊಳೆಯ ಅಗಲ ಇರುವ ಕಡೆಯೆಲ್ಲ ಸಣ್ಣ ಅಲೆ ಎಬ್ಬಿಸುತ್ತದೆ. ಕಯಾಕ್ ಹಗುರ, ಗಾಳಿ ತಳ್ಳಿದ ಕಡೆ ತಿರುಗುತ್ತದೆ. ಆದ್ದರಿಂದ ಹಿನ್ನೀರಿಗೆ ಬೆಳಗಿನ ಹೊತ್ತೇ ಒಳ್ಳೆಯದು. ಬಿಸಿಲೂ ಕಮ್ಮಿ, ಜನವೂ ಕಮ್ಮಿ, ಹಕ್ಕಿ ಹೆಚ್ಚು. ಋತುವಿನ ಮಟ್ಟಿಗೆ ಹೇಳುವುದಾದರೆ ಅಕ್ಟೋಬರದಿಂದ ಮೇವರೆಗೆ. ಅದರಲ್ಲೂ ನವೆಂಬರದಿಂದ ಫೆಬ್ರವರಿವರೆಗೆ ಅತ್ಯುತ್ತಮ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುವ ಕಾಲ. ಆಗ ತುಂಬಿ ಹರಿಯುವ ಕೆಂಪು ಹೊಳೆಗೆ ಯಾರಾದರೂ ಕಯಾಕ್ ಇಳಿಸಿಕೊಡುತ್ತೇನೆ ಎಂದರೆ ಒಪ್ಪಬೇಡಿ.

ದೋಣಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಾಡಿಗೆಗೆ ಸಿಗುವವು ಬಹುತೇಕ ಮೇಲೆ ಕೂರುವ ಮಾದರಿಯವು: ಒಳಗೆ ಟೊಳ್ಳಾದ, ಗಟ್ಟಿ ಪ್ಲಾಸ್ಟಿಕ್ಕಿನ, ಕೂರುವ ಜಾಗದಲ್ಲಿ ನೀರು ತಾನೇ ಸೋರಿಹೋಗಲು ತೂತುಗಳಿರುವಂಥವು. ಕೂತಾಗ ಕೆಳಗೆ ಸ್ವಲ್ಪ ಒದ್ದೆಯಾಗುತ್ತದೆ, ಅದು ಸಹಜ. ದೋಣಿ ಒಡೆದಿದೆ ಎಂದು ಹೆದರಬೇಡಿ. ಕಾಲನ್ನು ಒಳಗೆ ತೂರಿಸಿ ಕೂರುವ ಮಾದರಿ ಕಲಿತವರಿಗೆ ಸರಿ, ಹೊಸಬರಿಗೆ ಬೇಡ. ಮಗುಚಿದಾಗ ಹೊರಬರುವುದನ್ನು ಬೇರೆಯೇ ಕಲಿಯಬೇಕಾಗುತ್ತದೆ. ಇಬ್ಬರು ಕೂರುವ ಕಯಾಕ್‌ನಲ್ಲಿ ಭಾರದವರು ಹಿಂದೆ ಕೂರಲಿ. ಮುಂದಿನವರು ಹಾಕುವ ತಾಳಕ್ಕೆ ಹಿಂದಿನವರು ಹೊಂದಿಕೊಳ್ಳಲಿ, ದಿಕ್ಕು ತಿರುಗಿಸುವುದು ಹಿಂದಿನವರ ಕೆಲಸ. ಇಷ್ಟು ಮೊದಲೇ ಮಾತಾಡಿಕೊಂಡರೆ ಗಂಡ ಹೆಂಡತಿ, ಅಣ್ಣ ತಂಗಿ ಯಾರೇ ಕೂತರೂ ನೀರಿನ ನಡುವೆ ವಾಗ್ವಾದ ಇರುವುದಿಲ್ಲ. ಹುಟ್ಟಿನ ಎರಡೂ ತುದಿಗೆ ಅಲಗು ಇರುತ್ತದೆ. ತೋಳಿನ ಬಲದಿಂದ ಎಳೆಯುವುದಕ್ಕಿಂತ ಸೊಂಟದಿಂದ ಮೇಲೆ ದೇಹವನ್ನೇ ತಿರುಗಿಸುತ್ತ ಹಾಕಿದರೆ ಬೇಗ ಸುಸ್ತಾಗುವುದಿಲ್ಲ.

ದೋಣಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಲೈಫ್ ಜಾಕೆಟ್‌ಗೆ. ರಾಶಿಯಿಂದ ಒಂದನ್ನು ಎತ್ತಿ ಕೊಟ್ಟ ತಕ್ಷಣ ಹಾಕಿಕೊಂಡು ಹೊರಡಬೇಡಿ. ಒಳಬದಿಯಲ್ಲಿ ಹೊಲಿದ ಚೀಟಿ ನೋಡಿ. ಎಷ್ಟು ತೂಕದವರಿಗೆ, ಎಷ್ಟು ತೇಲಿಸುವ ಶಕ್ತಿ ಎಂದು ಬರೆದಿರುತ್ತದೆ. 50 ನ್ಯೂಟನ್ ಎಂದಿದ್ದರೆ ಅದು ಈಜು ಬಲ್ಲವರಿಗೆ, ಶಾಂತ ನೀರಿಗೆ, ನೆರವು ಹತ್ತಿರದಲ್ಲಿರುವಾಗ. ಈಜು ಬಾರದವರು 100 ನ್ಯೂಟನ್ನಿನದನ್ನು ಕೇಳಬೇಕು. ಆಮೇಲೆ ಬೆರಳಿನಿಂದ ಒತ್ತಿ ನೋಡಿ. ಬಿಸಿಲಿನಲ್ಲಿ ಒಣಗಿ, ಮೇಲೆ ಕೂತು ಕೂತು ಚಪ್ಪಟೆಯಾದ ಜಾಕೆಟ್‌ನ ಒಳಗಿನ ಫೋಮ್ ಒತ್ತಿದ ಮೇಲೆ ಮತ್ತೆ ಎದ್ದು ಬರುವುದಿಲ್ಲ. ಅಂಥದ್ದು ಬೇಡ. ಸರಿಯಾದದ್ದು ಸಿಕ್ಕಿದ ಮೇಲೆ ಎಲ್ಲ ಪಟ್ಟಿಗಳನ್ನೂ ಬಿಗಿದು, ಪಕ್ಕದವರಿಗೆ ಹೇಳಿ ಎರಡೂ ಹೆಗಲಿನ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿಕೊಳ್ಳಿ. ಜಾಕೆಟ್ ಕಿವಿಯವರೆಗೆ ಏರಿ ಬಂದರೆ ನೀರಿನಲ್ಲೂ ಹಾಗೇ ಏರುತ್ತದೆ, ನೀವು ಕೆಳಗೇ ಉಳಿಯುತ್ತೀರಿ. ಇನ್ನೊಂದು ಅಳತೆ ಕೇಳಿ. ಮಕ್ಕಳಿಗೆ ದೊಡ್ಡವರ ಜಾಕೆಟ್ ಬಿಗಿದು ಕಟ್ಟಿಕೊಡುತ್ತೇವೆ ಎಂದರೆ ಮಕ್ಕಳನ್ನು ಇಳಿಸಬೇಡಿ. ಇದರಲ್ಲಿ ದಾಕ್ಷಿಣ್ಯ ಸಲ್ಲದು.

ಮಗುಚಿದರೆ ಏನು ಮಾಡಬೇಕು ಎಂಬುದನ್ನು ದಡದ ಹತ್ತಿರ, ಸೊಂಟದುದ್ದದ ನೀರಿನಲ್ಲಿ, ಮೊದಲೇ ಮಾಡಿ ತೋರಿಸುವ ತಾಣ ನನ್ನ ದೃಷ್ಟಿಯಲ್ಲಿ ಉತ್ತಮ ತಾಣ. ವಿಷಯ ಕಷ್ಟದ್ದಲ್ಲ. ದೋಣಿಯನ್ನು ಬಿಡಬಾರದು, ಹುಟ್ಟನ್ನೂ ಆದಷ್ಟು ಹಿಡಿದುಕೊಳ್ಳಬೇಕು. ದೋಣಿ ಬೋರಲಾಗಿದ್ದರೆ ಆಚೆಯ ಅಂಚು ಹಿಡಿದು ಎಳೆದು ಸರಿಮಾಡಬೇಕು. ನಡುಭಾಗದಲ್ಲಿ ಹೊಟ್ಟೆಯ ಮೇಲೆ ಅಡ್ಡಲಾಗಿ ಏರಿ, ಹೊರಳಿ ಕೂತು, ಆಮೇಲೆ ಒಂದೊಂದೇ ಕಾಲನ್ನು ಮೇಲೆ ತೆಗೆದುಕೊಳ್ಳಬೇಕು. ಓದಿದರೆ ಎರಡು ನಿಮಿಷದ ಮಾತು, ಆದರೆ ಒಮ್ಮೆ ಮೈಯಿಂದ ಮಾಡಿ ನೋಡಿದವರಿಗೆ ಮಾತ್ರ ಹೊತ್ತಿಗೆ ನೆನಪಾಗುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಹೊರತಂದ ಸಾಹಸ ಪ್ರವಾಸೋದ್ಯಮದ ಮಾರ್ಗಸೂಚಿಯಲ್ಲಿ ಕಯಾಕಿಂಗ್ ಕೂಡ ಸೇರಿದೆ. ತರಬೇತಾದ ಮಾರ್ಗದರ್ಶಿ, ಸರಿಯಾದ ಸಲಕರಣೆ, ಹೊರಡುವ ಮುಂಚಿನ ಸುರಕ್ಷತಾ ವಿವರಣೆ, ಇವನ್ನು ಕೇಳುವುದು ಗಿರಾಕಿಯ ಹಟವಲ್ಲ, ಹಕ್ಕು.

ಬಾಡಿಗೆ ಎಷ್ಟು ಎಂದು ಬಹಳ ಜನ ಕೇಳುತ್ತಾರೆ. ತಾಣದಿಂದ ತಾಣಕ್ಕೆ, ವಾರದ ದಿನದಿಂದ ಭಾನುವಾರಕ್ಕೆ ದರ ಬದಲಾಗುವುದರಿಂದ ಮೊತ್ತಕ್ಕಿಂತ ಅದರೊಳಗೆ ಏನೇನು ಸೇರಿದೆ ಎಂದು ಕೇಳುವುದು ಒಳ್ಳೆಯದು. ತಲೆಗೆ ಇಷ್ಟೋ, ದೋಣಿಗೆ ಇಷ್ಟೋ? ಗಂಟೆಯ ಲೆಕ್ಕ ನೀರಿಗಿಳಿದ ಮೇಲೆಯೋ, ಜಾಕೆಟ್ ಹಾಕಿದಲ್ಲಿಂದಲೋ? ಜೊತೆಗೆ ಇನ್ನೊಂದು ಕಯಾಕ್‌ನಲ್ಲಿ ಮಾರ್ಗದರ್ಶಿ ಬರುತ್ತಾರೋ? ಎಷ್ಟು ದೋಣಿಗೆ ಒಬ್ಬರು? ನೆರವಿಗೆ ಇಂಜಿನ್ ದೋಣಿ ದಡದಲ್ಲಿ ಸಿದ್ಧ ಇರುತ್ತದೋ? ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಶೌಚಾಲಯ ಇದೆಯೋ? ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಕೊನೆಯ ಪ್ರಶ್ನೆಯನ್ನು ಫೋನಿನಲ್ಲೇ ಕೇಳಿಬಿಡಿ. ಇಷ್ಟಕ್ಕೂ ಒಪ್ಪುವ ಉತ್ತರ ಕೊಡುವವರು ಪಕ್ಕದ ತಾಣಕ್ಕಿಂತ ನೂರು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಟ್ಟುಬಿಡಿ.

ಇನ್ನು ಕಾಂಡ್ಲಾ ಕಾಲುವೆಯೊಳಗಿನ ಮಾತು. ನೀರು ತುಂಬಿರುವಾಗ ಗಿಡಗಳ ಸೊಪ್ಪು ನೀರಿಗೆ ತಾಗಿಕೊಂಡಿರುತ್ತದೆ, ಬರೀ ಹಸಿರು ಗೋಡೆ. ಇಳಿತ ಶುರುವಾದ ಮೇಲೆ ಗೋಡೆಯ ಕೆಳಗಿನ ಲೋಕ ಹೊರಬೀಳುತ್ತದೆ. ಕಾಂಡದಿಂದ ಕಮಾನಾಗಿ ಇಳಿದ ಬೇರುಗಳು, ಅವುಗಳಿಗೆ ಒಂದರ ಮೇಲೊಂದು ಕಚ್ಚಿಕೊಂಡ ಮುರುಚಿಪ್ಪು, ಕೆಸರಿನಲ್ಲಿ ಒಂದೇ ದೊಡ್ಡ ಕೊಂಡಿ ಎತ್ತಿ ಆಡಿಸುವ ಸಣ್ಣ ಏಡಿಗಳು, ನೀರಿನಿಂದ ಮೇಲೆ ಬಂದು ಕೆಸರಿನ ಮೇಲೆಯೇ ತೆವಳುವ ಮೀನು. ಮಿಂಚುಳ್ಳಿ ಒಂದು ಕೊಂಬೆಯಿಂದ ಇನ್ನೊಂದಕ್ಕೆ ನಿಮ್ಮ ಮುಂದೆ ಮುಂದೆಯೇ ಹಾರುತ್ತ ಹೋಗುತ್ತದೆ. ಮುರುಚಿಪ್ಪಿನ ಅಂಚು ಬ್ಲೇಡಿಗಿಂತ ಕಡಿಮೆಯಲ್ಲ. ಬೇರು ಹಿಡಿದು ದೋಣಿ ನಿಲ್ಲಿಸಲು ಹೋದರೆ ಅಂಗೈ ಸೀಳುತ್ತದೆ, ಬರಿಗಾಲಲ್ಲಿ ಇಳಿದರೆ ಪಾದ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡೇ ಹೋಗಿ. ಕೊಂಬೆ ಮುರಿಯಬೇಡಿ, ಇಳಿಬಿದ್ದ ಉದ್ದನೆಯ ಕಾಯಿಗಳನ್ನು ಕಿತ್ತು ತರಬೇಡಿ. ಅವು ಗಿಡದ ಮೇಲೆಯೇ ಮೊಳೆತ ಸಸಿಗಳು, ಕೆಳಗೆ ಬಿದ್ದು ಕೆಸರಿಗೆ ನಾಟಿಕೊಂಡರೆ ಮುಂದಿನ ಕಾಡು. ಈ ಬೇರುಗಳ ನಡುವೆ ಮೀನುಮರಿ ಬೆಳೆಯುವುದರಿಂದಲೇ ದಡದ ಮನೆಗಳ ಒಲೆ ಉರಿಯುತ್ತದೆ. ಹೊಳೆಗೆ ಅಡ್ಡ ಕಟ್ಟಿದ ಬಲೆ ಕಂಡರೆ ಸುತ್ತುಹಾಕಿ ಹೋಗಿ, ಅದರ ಮೇಲೆ ದೋಣಿ ಹಾಯಿಸಬೇಡಿ. ಸ್ಪೀಕರ್ ಮನೆಯಲ್ಲೇ ಇರಲಿ.

ಬೆಂಗಳೂರಿನ ಓದುಗರೂ ಇದೇ ಪ್ರಶ್ನೆ ಕೇಳುತ್ತಾರೆ, ಅವರ ಕಷ್ಟ ಬೇರೆ. ಅಲ್ಲಿ ಕೆರೆಗಳಿವೆ, ಆದರೆ ಮೈ ಮುಳುಗಿಸಬಹುದಾದ ನೀರಿನ ಕೆರೆ ಅಪರೂಪ. ಸುತ್ತಲಿನ ಜಲಾಶಯಗಳು ಕುಡಿಯುವ ನೀರಿಗೋ ನೀರಾವರಿಗೋ ಮೀಸಲು. ಅನುಮತಿ ಇಲ್ಲದೆ ಜಲಾಶಯಗಳಲ್ಲಿ ದೋಣಿ ಇಳಿಸುವವರ ಹತ್ತಿರ ಹೋಗಬೇಡಿ. ಆ ನೀರು ಯಾವ ಇಲಾಖೆಯದು, ಯಾರ ಅನುಮತಿ ಇದೆ ಎಂದು ಕೇಳಿದಾಗ ಕಾಗದ ತೋರಿಸುವವರು ಬೇಕು. ಮೈಸೂರಿನವರಿಗೆ ತಿರುಮಕೂಡಲು ನರಸೀಪುರದ ರಸ್ತೆಯಲ್ಲಿ ವರುಣಾ ಕೆರೆಯ ಜಲಕ್ರೀಡಾ ತಾಣ ಹತ್ತಿರ. ಎರಡು ದಿನ ಬಿಡುವಿದ್ದು ನಿಜವಾಗಿ ಕಲಿಯಬೇಕೆಂದಿರುವವರಿಗೆ ಸಾಗರ ತಾಲ್ಲೂಕಿನ ಹೊನ್ನೆಮರಡು. ಲಿಂಗನಮಕ್ಕಿ ಅಣೆಕಟ್ಟಿನ ವಿಶಾಲ ಹಿನ್ನೀರಿನಲ್ಲಿ ಅಲ್ಲಿ ವಿಹಾರಕ್ಕಿಂತ ಕಲಿಕೆಗೆ ಒತ್ತು. ದಾಂಡೇಲಿ, ಗಣೇಶಗುಡಿಯ ಕಾಳಿ ನದಿಯಲ್ಲಿ ಕಯಾಕಿಂಗ್ ಹೆಸರುವಾಸಿ. ಅಲ್ಲಿ ಕೇಳಬೇಕಾದದ್ದು ಭರತದ ಹೊತ್ತನ್ನಲ್ಲ, ಸೂಪಾ ಅಣೆಕಟ್ಟಿನಿಂದ ನೀರು ಬಿಡುವ ಹೊತ್ತನ್ನು. ದಾಂಡೇಲಿಯ ಆಸುಪಾಸಿನ ಕಾಳಿಯಲ್ಲಿ ಮೊಸಳೆಗಳೂ ಇರುವುದರಿಂದ ಸ್ಥಳೀಯರು ತೋರಿಸಿದ ನೀರು ಬಿಟ್ಟು ಆಚೆ ಹೋಗುವ ಮಾತೇ ಇಲ್ಲ. ಊರು ಬದಲಾದರೆ ಪ್ರಶ್ನೆ ಬದಲಾಗುತ್ತದೆ, ಆದರೆ ಕೇಳಬೇಕಾದದ್ದು ನೀರಿನ ಬಗ್ಗೆಯೇ.

"ಮಾರ್ಗದರ್ಶಿ ಬೇಡ, ಕಯಾಕ್ ಮಾತ್ರ ಕೊಡಲಿ, ನಾವೇ ಹೋಗುತ್ತೇವೆ" ಎನ್ನುವವರೂ ಇದ್ದಾರೆ. ಹೊರದೇಶಗಳಲ್ಲಿ ಹಾಗೆ ಮಾಡಿ ಬಂದವರು ಈ ಮಾತನ್ನು ಹೆಚ್ಚು ಹೇಳುತ್ತಾರೆ. ಅಲ್ಲಿ ನೀರಿನ ನಕ್ಷೆ, ಸೂಚನಾ ಫಲಕ, ಕರೆದರೆ ಬರುವ ರಕ್ಷಣಾ ದೋಣಿ ಇರುವ ಕಡೆ ಅದು ನಡೆಯುತ್ತದೆ. ನಮ್ಮ ಹೊಳೆಗಳಲ್ಲಿ ಸದ್ಯಕ್ಕೆ ನಕ್ಷೆ, ಫಲಕ, ರಕ್ಷಣೆ ಮೂರೂ ಆ ಊರಿನ ಮನುಷ್ಯರೇ. ಅವರನ್ನು ಬಿಟ್ಟು ಹೋಗುವುದು ಸ್ವಾತಂತ್ರ್ಯವಲ್ಲ.

ಇಷ್ಟೆಲ್ಲ ಎಚ್ಚರಿಕೆ ಹೇಳಿ ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ನೀವು ಹೋಗಬೇಕು ಎಂಬುದೇ ನನ್ನ ಆಸೆ. ಉಡುಪಿ, ಮಂಗಳೂರಿನ ಮಕ್ಕಳಲ್ಲಿ ಬಹಳ ಮಂದಿ ಹೊಳೆಯನ್ನು ಸೇತುವೆಯ ಮೇಲಿನಿಂದ, ಕಾರಿನ ಕಿಟಕಿಯಿಂದ ಮಾತ್ರ ನೋಡಿದ್ದಾರೆ. ನಗರದ ಕೊಳಚೆ ಸೇರಿ ಇಂದ್ರಾಣಿ ಹೊಳೆ ಏನಾಯಿತು ಎಂಬುದು ಉಡುಪಿಯವರಿಗೆ ಗೊತ್ತಿದೆ. ಹೊಳೆಯಲ್ಲಿ ಇಳಿಯುವ ಜನ ಇಲ್ಲವಾದಾಗ ಹೊಳೆಯ ಪರ ಮಾತಾಡುವ ಜನವೂ ಕಮ್ಮಿಯಾಗುತ್ತಾರೆ. ನೀರಿನ ಮಟ್ಟದಲ್ಲಿ ಕೂತು ಒಂದು ಗಂಟೆ ಹುಟ್ಟು ಹಾಕಿದವನಿಗೆ ಪ್ಲಾಸ್ಟಿಕ್ ಎಲ್ಲಿ ಸಿಕ್ಕಿಕೊಂಡಿದೆ, ಮರಳು ಎಲ್ಲಿ ಬಗೆದಿದ್ದಾರೆ, ಚರಂಡಿ ಎಲ್ಲಿ ಬಂದು ಸೇರುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ದಡದ ಹುಡುಗರಿಗೂ ಇದರಿಂದ ಊರಿನಲ್ಲೇ ಕೆಲಸ, ಅಜ್ಜ ಕಲಿಸಿದ ನೀರಿನ ವಿದ್ಯೆಗೆ ಬೆಲೆ.

ಅದಕ್ಕಾಗಿ ಗ್ರಾಮ ಪಂಚಾಯಿತಿಗಳು ಮತ್ತು ಪ್ರವಾಸೋದ್ಯಮ ಇಲಾಖೆ ದೊಡ್ಡ ಯೋಜನೆ ಮಾಡಬೇಕಿಲ್ಲ. ಪ್ರತಿ ದೋಣಿಕಟ್ಟೆಯಲ್ಲಿ ಆ ದಿನದ ಭರತ ಇಳಿತದ ಹೊತ್ತು ಬರೆಯುವ ಒಂದು ಕಪ್ಪುಹಲಗೆ. ಅನುಮತಿ ಪಡೆದವರ ಹೆಸರು, ದರ, ಒಂದು ಸಲಕ್ಕೆ ಎಷ್ಟು ಮಂದಿ ಎಂಬ ಮಿತಿ ಬರೆದ ಫಲಕ. ವರ್ಷಕ್ಕೊಮ್ಮೆ ಲೈಫ್ ಜಾಕೆಟ್‌ಗಳನ್ನು ನೀರಿಗೆ ಹಾಕಿ ಪರೀಕ್ಷಿಸಿ, ಹಳತನ್ನು ಕತ್ತರಿಸಿ ಎಸೆಯುವ ಕ್ರಮ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸರ್ಕಾರಿ ಸಂಸ್ಥೆ ರಾಜ್ಯದಲ್ಲಿ ಇದೆ. ಅದರ ಮೂಲಕ ದಡದ ಯುವಕ ಯುವತಿಯರಿಗೆ ಜೀವರಕ್ಷಣೆಯ ತರಬೇತಿಯನ್ನು ಅವರ ಊರಿನಲ್ಲೇ ಕೊಡಿಸಿದರೆ ಸಾಕು. ಇವೆಲ್ಲ ಒಂದು ಸ್ವಾಗತ ಕಮಾನು ಕಟ್ಟುವ ಖರ್ಚಿನಲ್ಲಿ ಆಗುವ ಕೆಲಸ. ಆದರೆ ಕೇಳುವವರಿಲ್ಲದೆ ಯಾವುದೂ ಆಗುವುದಿಲ್ಲ. ಬಾಡಿಗೆ ಕೊಡುವವರು ನಾವು; ಜಾಕೆಟ್ ಒತ್ತಿ ನೋಡುವವರೂ, ಭರತದ ಹೊತ್ತು ಕೇಳುವವರೂ, ಉತ್ತರ ಸರಿಯಿಲ್ಲದಿದ್ದರೆ ತಿರುಗಿ ಬರುವವರೂ ನಾವೇ ಆಗಬೇಕು. ನಾಲ್ಕು ಗಿರಾಕಿಗಳು ಹೀಗೆ ಕೇಳತೊಡಗಿದರೆ ಐದನೆಯವರು ಬರುವ ಹೊತ್ತಿಗೆ ಆ ಕಪ್ಪುಹಲಗೆ ದಡಕ್ಕೆ ಬಂದಿರುತ್ತದೆ.